ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ಶಿಕ್ಷಣ: ವಿಚಾರ ಸಂಕಿರಣಗಳು ಮತ್ತು ವಿದ್ಯಾರ್ಥಿ ನೆರವು

ಶಿಕ್ಷಣ ಸಂಸ್ಥೆಗಳ ಚರಿತ್ರೆಯನ್ನು ಬರೆಯುವಾಗ ನಮ್ಮಲ್ಲಿ ರೂಢಿಯಾಗಿರುವ ಕ್ರಮವೊಂದಿದೆ. ಸ್ಥಾಪನೆಯ ವರ್ಷ, ದಾನಿಗಳ ಹೆಸರು, ಪ್ರಾಚಾರ್ಯರ ಪರಂಪರೆ, ಹೊಸದಾಗಿ ತೆರೆದ ವಿಭಾಗಗಳು, ನಡೆದ ವಿಚಾರ ಸಂಕಿರಣಗಳು, ಬಂದು ಹೋದ ಗಣ್ಯರು - ಇವುಗಳ ಸುತ್ತ ಆ ಬರವಣಿಗೆ ಬೆಳೆಯುತ್ತದೆ. ಅದರಲ್ಲಿಯೂ ವಿಚಾರ ಸಂಕಿರಣಕ್ಕೆ ಚರಿತ್ರೆಯೊಳಗೆ ಪ್ರವೇಶ ಸುಲಭ. ಆಮಂತ್ರಣ ಪತ್ರಿಕೆ ಮುದ್ರಣವಾಗಿರುತ್ತದೆ, ಛಾಯಾಚಿತ್ರವಿರುತ್ತದೆ, ಮಂಡಿತವಾದ ಪ್ರಬಂಧಗಳು ಸಂಪುಟವಾಗಿ ಗ್ರಂಥಾಲಯದ ಕಪಾಟು ಸೇರಿರುತ್ತವೆ. ಮೊದಲ ಸೆಮಿಸ್ಟರಿನ ಗಣಿತದಲ್ಲಿ ಅನುತ್ತೀರ್ಣನಾದ ಹಳ್ಳಿಯ ಹುಡುಗನೊಬ್ಬನನ್ನು ಸಂಜೆ ಕೂರಿಸಿಕೊಂಡು ಪಾಠ ಹೇಳಿದ ಅಧ್ಯಾಪಕರ ಕೆಲಸಕ್ಕೆ, ಊಟವಿಟ್ಟ ಮಠಕ್ಕೆ, ಪುಸ್ತಕ ಕೊಟ್ಟ ಹಿರಿಯ ವಿದ್ಯಾರ್ಥಿಗೆ ಇಂತಹ ದಾಖಲೆಯ ಭಾಗ್ಯವಿಲ್ಲ. ಹುಬ್ಬಳ್ಳಿ-ಧಾರವಾಡ ಅವಳಿನಗರದ ತಾಂತ್ರಿಕ ಶಿಕ್ಷಣದ ಚರಿತ್ರೆಯಲ್ಲಿ ಈ ಎರಡು ಧಾರೆಗಳು, ಅಂದರೆ ಜ್ಞಾನದ ಸಭೆ ಮತ್ತು ವಿದ್ಯಾರ್ಥಿಗೆ ನೆರವು, ಬಹುಕಾಲ ಪರಸ್ಪರ ಪರಿಚಯವಿಲ್ಲದಂತೆ ಹರಿದು ಬಂದವು. ಅವು ಎಲ್ಲಿ ಕೂಡಿದವು, ಎಲ್ಲಿ ಕೂಡಲಿಲ್ಲ ಎಂಬುದನ್ನು ಪರಿಶೀಲಿಸುವುದು ಇಲ್ಲಿಯ ಉದ್ದೇಶ.

ಈ ಎರಡರಲ್ಲಿ ನೆರವಿನ ಧಾರೆಯೇ ಹಳೆಯದು. ಅದು ಎಂಜಿನಿಯರಿಂಗ್ ಕಾಲೇಜಿಗಿಂತ ಹಳೆಯದು ಎಂಬುದು ವಿಶೇಷ. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಇಂಗ್ಲಿಷ್ ಶಿಕ್ಷಣವನ್ನು ಬಯಸಿ ಧಾರವಾಡಕ್ಕೆ ಬರುತ್ತಿದ್ದ ಹುಡುಗರಿಗೆ ಮೊದಲ ಪ್ರಶ್ನೆ ಪಾಠದ್ದಾಗಿರಲಿಲ್ಲ, ಊಟದ್ದಾಗಿತ್ತು. ವಾರಾನ್ನದ ಪದ್ಧತಿ ಒಂದು ಸಮುದಾಯದ ಬಡ ವಿದ್ಯಾರ್ಥಿಗಳನ್ನು ಪೋಷಿಸಿತು. ದಿನಕ್ಕೊಂದು ಮನೆಯಲ್ಲಿ ಉಂಡು ಓದಿದವರ ನೆನಪುಗಳು ಕನ್ನಡದ ಆತ್ಮಕಥೆಗಳಲ್ಲಿ ಹೇರಳವಾಗಿವೆ. ಧಾರವಾಡದ ಮುರುಘಾಮಠವು ಮೃತ್ಯುಂಜಯ ಸ್ವಾಮಿಗಳ ಕಾಲದಲ್ಲಿ, 20ನೆಯ ಶತಮಾನದ ಮೊದಲ ದಶಕಗಳಲ್ಲಿ, ಉಚಿತ ಪ್ರಸಾದ ನಿಲಯವನ್ನು ನಡೆಸಿ ಹಳ್ಳಿಗಾಡಿನ ವಿದ್ಯಾರ್ಥಿಗಳಿಗೆ ನೆಲೆಯಾಯಿತು. ಸಿರಸಂಗಿಯ ಲಿಂಗರಾಜ ದೇಸಾಯಿಯವರು (1861-1906) ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕೆಂದು ಬರೆದಿಟ್ಟರು. ಆ ನಿಧಿಯ ಸಹಾಯದಿಂದ ಉನ್ನತ ವ್ಯಾಸಂಗಕ್ಕೆ ಹೊರ ಊರುಗಳಿಗೆ ಹೋದವರು ಮುಂದೆ ಉತ್ತರ ಕರ್ನಾಟಕದ ಸಾರ್ವಜನಿಕ ಜೀವನದಲ್ಲಿ ಕಾಣಿಸಿಕೊಂಡರು. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಏಳು ಜನ ಶಿಕ್ಷಣಾಸಕ್ತ ತರುಣರು ಕೂಡಿ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸಂಸ್ಥೆಯನ್ನು ಕಟ್ಟಿದ್ದು ಈ ವಾತಾವರಣದಲ್ಲಿಯೇ. ನಾಡು ಅವರನ್ನು ಸಪ್ತರ್ಷಿಗಳೆಂದು ಕರೆಯಿತು.

ಈ ನೆರವಿನ ವ್ಯವಸ್ಥೆಗಳನ್ನು ಕೊಂಡಾಡುವಷ್ಟಕ್ಕೇ ನಿಲ್ಲಿಸುವುದು ಚರಿತ್ರೆಗೆ ನ್ಯಾಯವಲ್ಲ. ಇವುಗಳಲ್ಲಿ ಬಹುಪಾಲು ಜಾತಿಯ ಪರಿಧಿಯೊಳಗೆ ಹುಟ್ಟಿ ಬೆಳೆದವು. ಯಾವ ಮನೆಯ ಪಂಕ್ತಿಯಲ್ಲಿ ಯಾರು ಕೂರಬಹುದು ಎಂಬುದು ಮೊದಲೇ ನಿರ್ಧಾರವಾಗಿರುತ್ತಿತ್ತು. ದಲಿತ ಹಾಗೂ ಇತರ ಹಿಂದುಳಿದ ಸಮುದಾಯಗಳ ವಿದ್ಯಾರ್ಥಿಗಳಿಗೆ ಅಂತಹ ನೆಲೆ ವ್ಯಾಪಕವಾಗಿ ದೊರೆತದ್ದು ಸರಕಾರಿ ವಸತಿ ನಿಲಯಗಳ ಮೂಲಕ. ದೇವರಾಜ ಅರಸು ಅವರ ಆಡಳಿತ ಕಾಲದ (1972-80) ಹಾಗೂ 1975ರಲ್ಲಿ ವರದಿ ನೀಡಿದ ಎಲ್.ಜಿ. ಹಾವನೂರ ಆಯೋಗದ ತರುವಾಯದ ಬೆಳವಣಿಗೆ ಅದು. ಆದುದರಿಂದ 1947ರಲ್ಲಿ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಕಾಲೇಜಿನ ಬಾಗಿಲು ತೆರೆದಾಗ ಅದರೊಳಗೆ ಯಾರು ಕಾಲಿಡಬಲ್ಲರೆಂಬುದು ಕಾಲೇಜಿನ ಹೊರಗಿನ ಅನ್ನದ ವ್ಯವಸ್ಥೆಯನ್ನೂ ಅವಲಂಬಿಸಿತ್ತು.

ಅದಕ್ಕೂ ಮುನ್ನ ಈ ಭಾಗದವರಿಗೆ ಎಂಜಿನಿಯರಿಂಗ್ ಎಂದರೆ ಪುಣೆ ಅಥವಾ ಮುಂಬಯಿ. ಮೈಸೂರು ಸಂಸ್ಥಾನದಲ್ಲಿ 1917ರಿಂದಲೇ ಬೆಂಗಳೂರಿನಲ್ಲಿ ಸರಕಾರಿ ಎಂಜಿನಿಯರಿಂಗ್ ಕಾಲೇಜು ಇತ್ತಾದರೂ ಅದು ಬೇರೆ ಆಡಳಿತದ, ಬೇರೆ ವಿಶ್ವವಿದ್ಯಾಲಯದ ವ್ಯಾಪ್ತಿ. ಹುಬ್ಬಳ್ಳಿಯಲ್ಲಿ ರೈಲ್ವೆ ಕಾರ್ಯಾಗಾರವು 19ನೆಯ ಶತಮಾನದ ಕೊನೆಯ ಭಾಗದಿಂದ ಕೆಲಸ ಮಾಡುತ್ತಿತ್ತು. ಲೇಥು, ಬಾಯ್ಲರು, ಎರಕದ ಕೆಲಸ ಬಲ್ಲ ಕಾರ್ಮಿಕರ ಓಣಿಗಳು ಊರಿನಲ್ಲಿದ್ದವು. ಯಂತ್ರದ ಪರಿಚಯ ಇಷ್ಟು ಹಳೆಯದಾಗಿದ್ದ ಊರಿಗೆ ಎಂಜಿನಿಯರಿಂಗ್ ಪದವಿ ಅರ್ಧ ಶತಮಾನ ತಡವಾಗಿ ಬಂದಿತು. 1947ರಲ್ಲಿ ಕೆ.ಎಲ್.ಇ. ಸಂಸ್ಥೆಯು ಬಿ.ವಿ. ಭೂಮರಡ್ಡಿಯವರ ಹೆಸರಿನಲ್ಲಿ ಆರಂಭಿಸಿದ ಕಾಲೇಜು ಉತ್ತರ ಕರ್ನಾಟಕದ ಮೊದಲ ಎಂಜಿನಿಯರಿಂಗ್ ಕಾಲೇಜು. ಜನರ ಬಾಯಲ್ಲಿ ಅದು ಅಂದಿನಿಂದಲೂ 'ಬಿವಿಬಿ'. ಅದೇ ವರ್ಷ ಸಾಂಗಲಿಯಲ್ಲಿಯೂ ಎಂಜಿನಿಯರಿಂಗ್ ಕಾಲೇಜೊಂದು ಆರಂಭವಾಯಿತು. ಸ್ವಾತಂತ್ರ್ಯದ ಹೊಸ್ತಿಲಲ್ಲಿ ಮುಂಬಯಿ ಪ್ರಾಂತದ ದಕ್ಷಿಣ ಭಾಗದ ಪಟ್ಟಣಗಳು ತಮ್ಮ ಮಕ್ಕಳನ್ನು ಪುಣೆಗೆ ಕಳುಹಿಸುವುದರ ಬದಲು ಪುಣೆಯ ವಿದ್ಯೆಯನ್ನು ತಮ್ಮಲ್ಲಿಗೆ ತರಿಸಿಕೊಳ್ಳಲು ನಿರ್ಧರಿಸಿದ್ದವು ಎನ್ನಬಹುದು.

1949ರ ಮಾರ್ಚಿನಲ್ಲಿ ಕಾನೂನುಬದ್ಧವಾಗಿ ಅಸ್ತಿತ್ವಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯವು ಆ ವರ್ಷದ ಅಕ್ಟೋಬರಿನಲ್ಲಿ ಮುಂಬಯಿಯಿಂದ ಧಾರವಾಡಕ್ಕೆ ಬಂದಿತು. ಅಲ್ಲಿಂದ 1998ರವರೆಗೆ ಈ ಭಾಗದ ಎಂಜಿನಿಯರಿಂಗ್ ಪದವಿಗಳು ಅದರ ಮುದ್ರೆಯನ್ನೇ ಹೊತ್ತು ಬಂದವು. 1954ರಿಂದ 1967ರವರೆಗೆ ಕುಲಪತಿಗಳಾಗಿದ್ದ ಡಿ.ಸಿ. ಪಾವಟೆಯವರು ಸ್ವತಃ ಗಣಿತಜ್ಞರು. ಗಣಿತದ ವಿದ್ವಾಂಸರೊಬ್ಬರ ಕೈಯಲ್ಲಿ ಬೆಳೆದ ವಿಶ್ವವಿದ್ಯಾಲಯದ ಅಡಿಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಹೆಚ್ಚು ಎಡವಿದ್ದು ಗಣಿತದಲ್ಲಿಯೇ ಎಂಬುದು ಕಾಕತಾಳೀಯವಿರಬೇಕು.

ಆ ಕಾಲದ ಧಾರವಾಡ ಸಭೆಗಳ ಊರು. 1890ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ವಿದ್ಯಾವರ್ಧಕ ಸಂಘದ ವೇದಿಕೆಯಲ್ಲಿ ಉಪನ್ಯಾಸ ಎಂಬುದು ಅಭ್ಯಾಸವಾಗಿ ಹೋಗಿತ್ತು. ವಕೀಲರು, ಮಾಸ್ತರರು, ಗುಮಾಸ್ತರು ಸಂಜೆಯ ಹೊತ್ತು ಬಂದು ಕೂತು ಕೇಳುತ್ತಿದ್ದರು, ಮಾತು ಕನ್ನಡದಲ್ಲಿರುತ್ತಿತ್ತು, ಪ್ರಶ್ನೆ ಕೇಳಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಎಂಜಿನಿಯರಿಂಗ್ ಕಾಲೇಜಿನ ಸಭೆ ಈ ಪರಂಪರೆಯಿಂದ ಹುಟ್ಟಿದ್ದಲ್ಲ. ಅದರ ಮಾದರಿ ಎಂಜಿನಿಯರುಗಳ ವೃತ್ತಿಸಂಘಗಳದ್ದು. ಹೊರಗಿನಿಂದ ಬಂದ ತಜ್ಞರು ಅಣೆಕಟ್ಟು, ಸೇತುವೆ, ವಿದ್ಯುತ್ ಉತ್ಪಾದನೆಯನ್ನು ಕುರಿತು ಇಂಗ್ಲಿಷಿನಲ್ಲಿ ಮಾತನಾಡುವುದು, ಅಧ್ಯಾಪಕರು ಮುಂದಿನ ಸಾಲಿನಲ್ಲಿಯೂ ವಿದ್ಯಾರ್ಥಿಗಳು ಹಿಂದೆಯೂ ಕೂತು ಆಲಿಸುವುದು ಅದರ ರೀತಿ. ವಿಶ್ವೇಶ್ವರಯ್ಯನವರ ಜನ್ಮದಿನವಾದ ಸೆಪ್ಟೆಂಬರ್ 15 ಎಂಜಿನಿಯರುಗಳ ದಿನವಾಗಿ ರೂಢಿಗೆ ಬಂದ ಮೇಲೆ ಇಂತಹ ಉಪನ್ಯಾಸಕ್ಕೆ ವರ್ಷಕ್ಕೊಮ್ಮೆ ಖಾಯಂ ದಿನವೂ ದೊರೆಯಿತು. ಒಂದೇ ಅವಳಿನಗರದಲ್ಲಿ ಇಪ್ಪತ್ತು ಕಿಲೋಮೀಟರ್ ಅಂತರದಲ್ಲಿ ಎರಡು ಬಗೆಯ ಸಭಾಸಂಸ್ಕೃತಿಗಳು ಬೆಳೆದವು. ಒಂದರಲ್ಲಿ ಕೇಳುಗನಿಗೆ ಭಾಷೆ ಅಡ್ಡಿಯಾಗಿರಲಿಲ್ಲ. ಇನ್ನೊಂದರಲ್ಲಿ ಭಾಷೆಯೇ ಹೊಸ್ತಿಲಾಗಿತ್ತು.

ಆರಂಭದ ಎರಡು-ಮೂರು ದಶಕಗಳಲ್ಲಿ ವಿದ್ಯಾರ್ಥಿ ನೆರವು ಎಂಬುದು ಪ್ರತ್ಯೇಕ ಕಾರ್ಯಕ್ರಮವಾಗಿರಲಿಲ್ಲ. ಪ್ರವೇಶ ಸಂಖ್ಯೆ ಚಿಕ್ಕದು, ಅಧ್ಯಾಪಕರಿಗೆ ವಿದ್ಯಾರ್ಥಿಗಳ ಮುಖಪರಿಚಯವಿತ್ತು. ಆದರೆ ಮುಖಪರಿಚಯ ಎಲ್ಲವನ್ನೂ ಪರಿಹರಿಸುತ್ತಿತ್ತೆಂದು ಭಾವಿಸಲಾಗದು. ಇದಕ್ಕೆ ಪ್ರಸಿದ್ಧ ನಿದರ್ಶನ 1960ರ ದಶಕದ ಕೊನೆಯಲ್ಲಿ ಬಿವಿಬಿಗೆ ಸೇರಿದ ಸುಧಾ ಕುಲಕರ್ಣಿಯವರದು. ಮುಂದೆ ಸುಧಾ ಮೂರ್ತಿ ಎಂದು ನಾಡಿಗೆ ಪರಿಚಿತರಾದವರು. ಕಾಲೇಜಿನಲ್ಲಿ ಅವರೊಬ್ಬರೇ ವಿದ್ಯಾರ್ಥಿನಿ. ಸೀರೆ ಉಟ್ಟು ಬರಬೇಕು, ಉಪಾಹಾರ ಗೃಹಕ್ಕೆ ಹೋಗಬಾರದು, ಹುಡುಗರೊಡನೆ ಮಾತನಾಡಬಾರದು ಎಂಬ ಷರತ್ತುಗಳ ಮೇಲೆ ಪ್ರವೇಶ ದೊರೆತುದನ್ನು ಅವರು ಹಲವು ಕಡೆ ಹೇಳಿಕೊಂಡಿದ್ದಾರೆ. ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯವಿರಲಿಲ್ಲ ಎಂಬ ಅವರ ಮಾತು ಈ ಚರಿತ್ರೆಗೆ ಷರತ್ತುಗಳಿಗಿಂತಲೂ ಮಹತ್ವದ್ದು. ಮನೆ ಹುಬ್ಬಳ್ಳಿಯಲ್ಲಿಯೇ ಇದ್ದುದರಿಂದ ಅವರು ಮಧ್ಯಾಹ್ನದವರೆಗೆ ತಡೆದುಕೊಂಡು ಮನೆಗೆ ನಡೆದು ಹೋಗುತ್ತಿದ್ದರು. ಹೀಗೆ ಓದಿ ಅವರು ಚಿನ್ನದ ಪದಕದೊಂದಿಗೆ ತೇರ್ಗಡೆಯಾದರು. ಇನ್ಫೋಸಿಸ್ ಪ್ರತಿಷ್ಠಾನದ ಮೂಲಕ ಅವರು ಸಾವಿರಾರು ಶೌಚಾಲಯಗಳನ್ನು ಕಟ್ಟಿಸಿದುದರ ಬೇರು ಇಲ್ಲಿದೆ.

ಈ ಪ್ರಸಂಗವನ್ನು ಒಬ್ಬ ಪ್ರತಿಭಾವಂತೆಯ ಸಾಹಸವೆಂದು ಓದುವುದೇ ಹೆಚ್ಚು. ಸಂಸ್ಥೆಯ ಕಡೆಯಿಂದ ಓದಿದರೆ ಬೇರೆಯ ಅರ್ಥ ಹೊರಡುತ್ತದೆ. ಇವರ ನೆರವಿಗಿದ್ದುದು ಕಾಲೇಜಿನಿಂದ ನಡೆದುಹೋಗಬಹುದಾದಷ್ಟು ದೂರದಲ್ಲಿದ್ದ ಮನೆ. ಅದೇ ಅಂಕಗಳನ್ನು ಪಡೆದ ಹಾನಗಲ್ಲಿನ ಅಥವಾ ಮುಧೋಳದ ಹುಡುಗಿಗೆ ಅಂತಹ ಮನೆ ಹುಬ್ಬಳ್ಳಿಯಲ್ಲಿ ಇರಲಿಲ್ಲವಾದರೆ ಅರ್ಜಿಯೂ ಬಂದಿರಲಾರದು. ಅರ್ಜಿಯೇ ಬಾರದವರ ಸಂಖ್ಯೆಯನ್ನು ಯಾವ ವಾರ್ಷಿಕ ವರದಿಯೂ ಕೊಡುವುದಿಲ್ಲ.

1979ರಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಸಂಸ್ಥೆಯು ಧಾರವಾಡದ ಧವಳಗಿರಿಯಲ್ಲಿ ಎಂಜಿನಿಯರಿಂಗ್ ಕಾಲೇಜನ್ನು ತೆರೆಯಿತು. ಆ ದಶಕದ ಕೊನೆಯಿಂದ ರಾಜ್ಯದಾದ್ಯಂತ ಖಾಸಗಿ ಕಾಲೇಜುಗಳು ಹೆಚ್ಚಿದವು. ವಂತಿಗೆಯ ಪಿಡುಗೂ ಹೆಚ್ಚಿತು. 1984ರಲ್ಲಿ ವಂತಿಗೆ ನಿಷೇಧ ಕಾಯಿದೆ ಬಂದಿತು. 1993ರ ಉನ್ನಿಕೃಷ್ಣನ್ ತೀರ್ಪಿನ ಹಿನ್ನೆಲೆಯಲ್ಲಿ 1994ರಿಂದ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ, ಆರಂಭವಾಯಿತು. ಅವಳಿನಗರದ ಎಂಜಿನಿಯರಿಂಗ್ ತರಗತಿಯ ಸಾಮಾಜಿಕ ಮುಖವನ್ನು ಬದಲಿಸಿದ್ದು ಯಾವುದೇ ವಿಚಾರ ಸಂಕಿರಣಕ್ಕಿಂತ ಹೆಚ್ಚಾಗಿ ಈ ಪರೀಕ್ಷೆ. ಮುಂದೆ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇಕಡಾ 15, ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಸಮತಲ ಮೀಸಲಾತಿ ಸೇರಿಕೊಂಡಿತು. ಸವದತ್ತಿ, ರೋಣ, ಕುಂದಗೋಳ, ಬಾದಾಮಿಯ ಕಡೆಯ ರೈತರ ಮನೆಗಳ ಮಕ್ಕಳಿಗೆ ವಿದ್ಯಾನಗರದ ಕಾಲೇಜಿನಲ್ಲಿ ಸೀಟು ದೊರೆಯುವ ದಾರಿ ತೆರೆಯಿತು. ಹೋಗಿಬರಲು ರಿಯಾಯತಿ ಪಾಸು, ಇರಲು ಸಮುದಾಯದ ವಸತಿ ನಿಲಯ ಅಥವಾ ಬಾಡಿಗೆ ಕೋಣೆ, ಉಣ್ಣಲು ಖಾನಾವಳಿ: ಹೊರಗಿನ ಏರ್ಪಾಡು ಹೀಗಿತ್ತು. 2013-14ರಲ್ಲಿ ವಸತಿ ನಿಲಯ ದೊರೆಯದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ತಿಂಗಳಿಗೆ 1,500 ರೂಪಾಯಿ ಕೊಡುವ ವಿದ್ಯಾಸಿರಿ ಯೋಜನೆ ಬಂದಾಗ ಸರಕಾರವು ವಾರಾನ್ನದ ಕೆಲಸವನ್ನು ನಗದಿನ ರೂಪದಲ್ಲಿ ಕೈಗೆತ್ತಿಕೊಂಡಂತಾಯಿತು.

ಆದರೆ ತರಗತಿಯೊಳಗೆ ಏನಾಯಿತು? ಮೀಸಲಾತಿಯ ನಿಯಮವು ಕನ್ನಡ ಮಾಧ್ಯಮದಲ್ಲಿ ಓದಿದವನಿಗೆ ಸೀಟನ್ನು ಕೊಟ್ಟಿತು. ಕನ್ನಡ ಮಾಧ್ಯಮದಿಂದ ಬಂದವನಿಗೆ ಪಾಠ ಹೇಗೆ ಹೇಳಬೇಕೆಂಬುದನ್ನು ಹೇಳಲಿಲ್ಲ. ಪಿಯುಸಿಯ ಎರಡು ವರ್ಷದಲ್ಲಿ ಇಂಗ್ಲಿಷಿಗೆ ಹೊರಳಿಕೊಳ್ಳಲು ಹೆಣಗಿದವನು ಎಂಜಿನಿಯರಿಂಗಿನ ಮೊದಲ ವರ್ಷ ಅದೇ ಹೆಣಗಾಟವನ್ನು ಎತ್ತರದ ದನಿಯಲ್ಲಿ ಮುಂದುವರಿಸಬೇಕಾಗಿತ್ತು. 1998ರ ಏಪ್ರಿಲ್ 1ರಂದು ಬೆಳಗಾವಿಯಲ್ಲಿ ಕೇಂದ್ರವನ್ನು ಹೊಂದಿ ಕಾರ್ಯಾರಂಭ ಮಾಡಿದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೆಳಗೆ ಇಡೀ ರಾಜ್ಯಕ್ಕೆ ಒಂದೇ ಪಠ್ಯಕ್ರಮ, ಒಂದೇ ಪ್ರಶ್ನೆಪತ್ರಿಕೆ ಬಂದಾಗ ಈ ಅಂತರ ಅಂಕಿಗಳಲ್ಲಿ ಕಾಣತೊಡಗಿತು. ನಾಲ್ಕು ವಿಷಯಗಳವರೆಗೆ ಬಾಕಿ ಉಳಿಸಿಕೊಂಡು ಮುಂದಿನ ವರ್ಷಕ್ಕೆ ಹೋಗಬಹುದು, ಐದನೆಯದು ಉಳಿದರೆ ಆ ವರ್ಷವೇ ಹೋಯಿತು ಎಂಬುದು ಬಹುಕಾಲ ಜಾರಿಯಲ್ಲಿದ್ದ ಪದ್ಧತಿ. ವಿದ್ಯಾರ್ಥಿಗಳ ಮಾತಿನಲ್ಲಿ ಅದಕ್ಕೆ 'ಇಯರ್ ಬ್ಯಾಕ್' ಎಂದು ಹೆಸರು. ಕೃಷಿಕ ಕುಟುಂಬಕ್ಕೆ ಇಯರ್ ಬ್ಯಾಕ್ ಎಂದರೆ ಒಂದು ವರ್ಷದ ಶುಲ್ಕ, ಕೋಣೆ ಬಾಡಿಗೆ, ಖಾನಾವಳಿಯ ಖರ್ಚು. ಕೆಲವೊಮ್ಮೆ ತಂಗಿಯ ಓದು.

ಪಠ್ಯಕ್ರಮವೇ ವಿದ್ಯಾರ್ಥಿಯ ಹಿನ್ನೆಲೆಯನ್ನು ಒಪ್ಪಿಕೊಂಡ ಒಂದು ಅಪರೂಪದ ಸಂದರ್ಭವನ್ನು ಇಲ್ಲಿ ನೆನೆಯಬೇಕು. ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೆಯ ವರ್ಷಕ್ಕೆ ಸೇರುವವರಿಗೆ ಮೊದಲ ವರ್ಷದ ಗಣಿತ ತಪ್ಪಿಹೋಗಿರುತ್ತದೆ. ಅವರಿಗಾಗಿ ವಿಟಿಯು ಪ್ರತ್ಯೇಕ ಗಣಿತ ಪತ್ರಿಕೆಗಳನ್ನು ಕಡ್ಡಾಯಗೊಳಿಸಿತು. ಡಿಪ್ಲೊಮಾ ಗಣಿತ ಎಂಬ ಅರ್ಥದಲ್ಲಿ ಅವು 'ಮ್ಯಾಟ್‌ಡಿಪ್' ಎಂದೇ ಪ್ರಚಲಿತ. ವಿದ್ಯಾರ್ಥಿಗಳು ಇದನ್ನು ಹೆಚ್ಚುವರಿ ಹೊರೆಯೆಂದು ಶಪಿಸಿದ್ದೂ ಉಂಟು. ಆದರೂ ಯಾವನಿಗೆ ಏನು ಕೊರತೆಯೆಂದು ಗುರುತಿಸಿ, ಅದನ್ನು ತುಂಬಲು ವೇಳಾಪಟ್ಟಿಯಲ್ಲಿ ಜಾಗ ಕೊಟ್ಟ ಕ್ರಮ ಇದು. ಗಣಿತದ ಕೊರತೆಗೆ ದೊರೆತ ಈ ಜಾಗ ಭಾಷೆಯ ಕೊರತೆಗೆ ಇದೇ ಬಗೆಯಲ್ಲಿ ದೊರೆಯಲಿಲ್ಲ. ಗಣಿತದಲ್ಲಿ ಹಿಂದುಳಿಯುವುದು ಪಠ್ಯದ ಸಮಸ್ಯೆಯೆಂದೂ ಇಂಗ್ಲಿಷಿನಲ್ಲಿ ಹಿಂದುಳಿಯುವುದು ವ್ಯಕ್ತಿಯ ಸಮಸ್ಯೆಯೆಂದೂ ಭಾವಿಸುವ ಮನೋಧರ್ಮ ಇದರ ಹಿಂದೆ ಕೆಲಸ ಮಾಡಿದೆ.

ಸೆಮಿನಾರ್ ಎಂಬ ಪದದ ಎರಡನೆಯ ಅರ್ಥವನ್ನು ಈ ಘಟ್ಟದಲ್ಲಿ ಗಮನಿಸಬೇಕು. ಕಲಾ ವಿಭಾಗದವರು ವಿಚಾರ ಸಂಕಿರಣ, ವಿಚಾರಗೋಷ್ಠಿ, ಕಮ್ಮಟ ಎಂದು ಪದಗಳನ್ನು ವಿಂಗಡಿಸಿಕೊಂಡಿದ್ದಾರೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೆಮಿನಾರ್ ಎಂದರೆ ವಿದ್ವಾಂಸರ ಸಭೆಯೂ ಹೌದು, ಅಂತಿಮ ವರ್ಷದ ವಿದ್ಯಾರ್ಥಿ ಅಂಕಕ್ಕಾಗಿ ಮಾಡಬೇಕಾದ ಭಾಷಣವೂ ಹೌದು. ವಿಟಿಯು ಪಠ್ಯಕ್ರಮದ ಎಂಟನೆಯ ಸೆಮಿಸ್ಟರಿನಲ್ಲಿ ಬಂದ 'ಟೆಕ್ನಿಕಲ್ ಸೆಮಿನಾರ್' ಈ ಎರಡನೆಯ ಬಗೆಯದು. ವಿದ್ಯಾರ್ಥಿ ಹೊಸ ವಿಷಯವೊಂದನ್ನು ಆರಿಸಿಕೊಂಡು, ಸಂಶೋಧನ ಪ್ರಬಂಧಗಳನ್ನು ಓದಿ, ವಿಭಾಗದ ಅಧ್ಯಾಪಕರೆದುರು ನಿಂತು ವಿವರಿಸಿ, ಪ್ರಶ್ನೆಗಳಿಗೆ ಉತ್ತರಿಸಬೇಕು. ವರದಿಯನ್ನು ಟೈಪು ಮಾಡಿಸಿ, ಬೈಂಡು ಹಾಕಿಸಿ ಕೊಡಬೇಕು. ಮೂರೂವರೆ ವರ್ಷ ಲಿಖಿತ ಪರೀಕ್ಷೆಯ ಹಿಂದೆ ಮರೆಯಾಗಿ ಉಳಿಯಬಹುದಾಗಿದ್ದ ಭಾಷೆಯ ಪ್ರಶ್ನೆ ಇಲ್ಲಿ ಬಯಲಾಗುತ್ತದೆ. ಪಂಪಿನ ದಕ್ಷತೆಯನ್ನೋ ಕಾಂಕ್ರೀಟಿನ ಬಲವನ್ನೋ ಚೆನ್ನಾಗಿ ಬಲ್ಲ ವಿದ್ಯಾರ್ಥಿ, ಬರೆದು ಕಂಠಪಾಠ ಮಾಡಿದ ಇಂಗ್ಲಿಷ್ ವಾಕ್ಯಗಳನ್ನು ಒಪ್ಪಿಸಿ, ಮೊದಲ ಪ್ರಶ್ನೆಗೇ ತಡವರಿಸುವುದು ಕರ್ನಾಟಕದ ಎಂಜಿನಿಯರಿಂಗ್ ಅಧ್ಯಾಪಕರಿಗೆ ಹೊಸದಲ್ಲ. ಪ್ರಶ್ನೆ ಕೇಳಿದವರು 'ಕನ್ನಡದಾಗ ಹೇಳಪಾ' ಎಂದ ಕೂಡಲೇ ಅದೇ ವಿದ್ಯಾರ್ಥಿ ಹಲಗೆಯ ಮೇಲೆ ಚಿತ್ರ ಬರೆದು ವಿಷಯವನ್ನು ಬಿಡಿಸಿಡುವುದೂ ಉಂಟು. ಆ ಮಾತು ಒಂದು ಬಗೆಯ ವಿದ್ಯಾರ್ಥಿ ನೆರವೇ. ಅದು ಯಾವ ನಿಯಮಾವಳಿಯಿಂದಲೂ ಬಂದುದಲ್ಲ. ಕೇಳಿದ ಅಧ್ಯಾಪಕರ ಸ್ವಭಾವದಿಂದ ಬಂದುದು. ಹಾಗೆ ಕೇಳದ ಅಧ್ಯಾಪಕರ ಎದುರು ನಿಂತವನ ಅಂಕಪಟ್ಟಿ ಬೇರೆಯಾಗಿರುತ್ತದೆ.

2000ದ ನಂತರ ಸೆಮಿನಾರಿಗೆ ಮೂರನೆಯ ಅರ್ಥವೊಂದು ಕೂಡಿಕೊಂಡಿತು. ಸಾಫ್ಟ್‌ವೇರ್ ಕಂಪನಿಗಳ ನೇಮಕಾತಿ ಕಾಲೇಜಿನ ಅಂಗಳಕ್ಕೆ ಬಂದ ಮೇಲೆ, ಸಂದರ್ಶನದಲ್ಲಿ ಹೇಗೆ ಮಾತನಾಡಬೇಕು, ಗುಂಪು ಚರ್ಚೆಯಲ್ಲಿ ಹೇಗೆ ಭಾಗವಹಿಸಬೇಕು ಎಂಬ ತರಬೇತಿಗಳೂ ಸೆಮಿನಾರ್ ಎನಿಸಿಕೊಂಡವು. ಇನ್ಫೋಸಿಸ್ 2004ರಲ್ಲಿ ಆರಂಭಿಸಿದ ಕ್ಯಾಂಪಸ್ ಕನೆಕ್ಟ್ ಕಾರ್ಯಕ್ರಮ ಕಾಲೇಜಿನ ಪಾಠಕ್ಕೂ ಉದ್ಯಮದ ಅಪೇಕ್ಷೆಗೂ ಇರುವ ಅಂತರವನ್ನು ತುಂಬಲು ಹೊರಟಿತು. ಇವುಗಳ ಉಪಯೋಗವನ್ನು ಅಲ್ಲಗಳೆಯಬೇಕಿಲ್ಲ. ಆದರೆ ಮೊದಲ ವರ್ಷ ಬೇಕಾಗಿದ್ದ ಭಾಷಾನೆರವು ಕೊನೆಯ ವರ್ಷ, ಅದೂ ನೌಕರಿಯ ನೆಪದಲ್ಲಿ ಬಂದುದು ವಿಚಿತ್ರ.

ಬಿವಿಬಿ ಕಾಲೇಜಿಗೆ 2007ರಲ್ಲಿ ಸ್ವಾಯತ್ತತೆ ದೊರೆತುದು ಈ ಕಥನದ ತಿರುವು. ಪಠ್ಯಕ್ರಮವನ್ನೂ ಮೌಲ್ಯಮಾಪನವನ್ನೂ ತಾನೇ ರೂಪಿಸಿಕೊಳ್ಳುವ ಅಧಿಕಾರ ಬಂದೊಡನೆ, ವಿದ್ಯಾರ್ಥಿ ಏಕೆ ಕಲಿಯಲಿಲ್ಲ ಎಂಬ ಪ್ರಶ್ನೆಗೆ ವಿಶ್ವವಿದ್ಯಾಲಯದತ್ತ ಬೆರಳು ತೋರಿಸುವ ಅವಕಾಶ ಹೋಯಿತು. ಅದೇ ಹೊತ್ತಿಗೆ ಭಾರತ ಮತ್ತು ಅಮೆರಿಕದ ಎಂಜಿನಿಯರಿಂಗ್ ಶಿಕ್ಷಕರನ್ನು ಒಂದುಗೂಡಿಸುವ 'ಐಯುಸಿಇಇ' ಎಂಬ ಸಹಯೋಗ ಕೃಷ್ಣ ವೇದುಲ ಅವರ ನೇತೃತ್ವದಲ್ಲಿ ರೂಪುಗೊಂಡಿತ್ತು. 2008ರ ಬೇಸಿಗೆಯಲ್ಲಿ ಮೈಸೂರಿನ ಇನ್ಫೋಸಿಸ್ ಆವರಣದಲ್ಲಿ ಅದರ ಅಧ್ಯಾಪಕ ಶಿಬಿರಗಳು ನಡೆದವು. ಇದರ ಫಲವಾಗಿ 2014ರ ಜನವರಿಯಲ್ಲಿ ಎಂಜಿನಿಯರಿಂಗ್ ಶಿಕ್ಷಣದ ಪರಿವರ್ತನೆಯನ್ನು ಕುರಿತ ಅಂತಾರಾಷ್ಟ್ರೀಯ ಸಮ್ಮೇಳನ ಬಿವಿಬಿ ಆವರಣದಲ್ಲಿಯೇ ನಡೆಯಿತು. ಅಲ್ಲಿ ಮಂಡಿತವಾದ ಪ್ರಬಂಧಗಳ ಸಂಪುಟವನ್ನು ಸ್ಪ್ರಿಂಗರ್ ಸಂಸ್ಥೆ ಪ್ರಕಟಿಸಿತು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಅಧ್ಯಕ್ಷರಾಗಿದ್ದ ಆರ್. ನಟರಾಜನ್ ಅದರ ಸಂಪಾದಕರು.

ಈ ಸಮ್ಮೇಳನದ ಮಹತ್ವ ಅದರ ವಿಷಯದಲ್ಲಿದೆ. ಅದುವರೆಗೆ ಎಂಜಿನಿಯರಿಂಗ್ ಕಾಲೇಜಿನ ವಿಚಾರ ಸಂಕಿರಣದ ವಸ್ತು ಯಂತ್ರ, ರಚನೆ, ಸಂಕೇತ ಸಂಸ್ಕರಣೆ ಇತ್ಯಾದಿ. ಇಲ್ಲಿ ವಿದ್ಯಾರ್ಥಿಯ ಕಲಿಕೆಯೇ ವಸ್ತುವಾಯಿತು. ತರಗತಿಯಲ್ಲಿ ಗುಂಪು ಕೆಲಸ, ಯೋಜನಾಧಾರಿತ ಕಲಿಕೆ, ಮೌಲ್ಯಮಾಪನದ ಹೊಸ ವಿಧಾನ ಇವುಗಳನ್ನು ಕುರಿತು ಅಧ್ಯಾಪಕರು ಪ್ರಬಂಧ ಬರೆದು ಮಂಡಿಸತೊಡಗಿದರು. ಕಾಲೇಜು 2015ರಲ್ಲಿ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಗಿ ಮಾರ್ಪಟ್ಟ ತರುವಾಯ ಮೊದಲ ವರ್ಷದ ಎಲ್ಲ ಶಾಖೆಯವರಿಗೂ 'ಎಂಜಿನಿಯರಿಂಗ್ ಎಕ್ಸ್‌ಪ್ಲೊರೇಷನ್' ಎಂಬ ಕೋರ್ಸು ಬಂದಿತು. ಎಂಜಿನಿಯರಿಂಗ್ ಶಿಕ್ಷಣದ ಸಂಶೋಧನೆಗೆಂದೇ ಕೇಂದ್ರವೊಂದು ಸ್ಥಾಪನೆಯಾಯಿತು. ನಾಲ್ಕಾರು ಜನ ಕೂಡಿ ಚಿಕ್ಕ ಯಂತ್ರವೊಂದನ್ನು ಕಲ್ಪಿಸಿ, ಕಟ್ಟಿ, ಕೆಟ್ಟದ್ದನ್ನು ತಿದ್ದಿ ತೋರಿಸುವ ಈ ಕೋರ್ಸಿನಲ್ಲಿ, ಇಂಗ್ಲಿಷ್ ಬಾರದವನಿಗೂ ಕೈಯಲ್ಲಿ ಮಾಡಿ ತೋರಿಸಲು ಎಡೆ ದೊರೆತಿದೆ. ಸಂಕಿರಣದ ಧಾರೆ ಮತ್ತು ನೆರವಿನ ಧಾರೆ ಮೊದಲ ಬಾರಿಗೆ ಒಂದೇ ಪಾತ್ರಕ್ಕೆ ಬಂದುವೆಂದು ಹೇಳಬಹುದಾದರೆ ಅದು ಇಲ್ಲಿ.

ಕಾಲೇಜಿನ ಹೊರಗಿನಿಂದ ಬಂದ ಇನ್ನೊಂದು ಪ್ರಭಾವವನ್ನೂ ಹೇಳಬೇಕು. ಹುಬ್ಬಳ್ಳಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಉದ್ಯಮಿಯಾದ ಗುರುರಾಜ ದೇಶಪಾಂಡೆಯವರ ಪ್ರತಿಷ್ಠಾನವು 2007ರ ಸುಮಾರಿಗೆ ಈ ಭಾಗದಲ್ಲಿ ಕೆಲಸ ಆರಂಭಿಸಿತು. ಅದರ 'ಲೀಡ್' ಕಾರ್ಯಕ್ರಮದಲ್ಲಿ ಕಾಲೇಜು ವಿದ್ಯಾರ್ಥಿಗಳು ತಮ್ಮ ಸುತ್ತಲಿನ ಸಮಸ್ಯೆಯೊಂದನ್ನು ಆರಿಸಿಕೊಂಡು, ಚಿಕ್ಕ ಮೊತ್ತದ ಸಹಾಯ ಪಡೆದು, ಪರಿಹಾರವನ್ನು ಪ್ರಯೋಗಿಸಬೇಕಾಗಿತ್ತು. ಇಂತಹ ಕೆಲಸಕ್ಕೆ ವಿದ್ಯಾರ್ಥಿ ರೈತರ ಹೊಲಕ್ಕೆ, ಅಂಗನವಾಡಿಗೆ, ಗ್ರಾಮ ಪಂಚಾಯಿತಿಗೆ ಹೋಗಲೇಬೇಕು. ಅಲ್ಲಿ ಅವನಿಗೆ ಒದಗುವ ಭಾಷೆ ಕನ್ನಡ. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತವನು ಹೊಲದಲ್ಲಿ ಮುಂದಾಳಾಗುವ ಸಂದರ್ಭ ಇದು.

ಕೇಂದ್ರೀಯ ನಿಯಂತ್ರಕ ಸಂಸ್ಥೆಗಳ ಆದೇಶಗಳು ಈ ಎಲ್ಲಕ್ಕೂ ಏಕರೂಪದ ಚೌಕಟ್ಟು ಹಾಕಿದವು. 2009ರ ರ‍್ಯಾಗಿಂಗ್ ವಿರೋಧಿ ನಿಯಮಾವಳಿಯು ಹೊಸಬರಿಗೆ ಪರಿಚಯ ಸಭೆ, ಆಪ್ತ ಸಮಾಲೋಚನೆ ಕಡ್ಡಾಯವೆಂದಿತು. ಸುಮಾರು 2011ರಿಂದ ಬಡ ಕುಟುಂಬದವರಿಗೆ ಬೋಧನಾ ಶುಲ್ಕ ವಿನಾಯಿತಿಯ ಶೇಕಡಾ 5 ಹೆಚ್ಚುವರಿ ಸೀಟುಗಳು ಬಂದವು. ಮೂರು ವಾರಗಳ ವಿದ್ಯಾರ್ಥಿ ಪ್ರವೇಶಿಕಾ ಕಾರ್ಯಕ್ರಮದ ಮಾದರಿಯನ್ನು ತಾಂತ್ರಿಕ ಶಿಕ್ಷಣ ಪರಿಷತ್ತು 2017ರಲ್ಲಿ ಸಿದ್ಧಪಡಿಸಿತು. ಯೋಗ, ಸ್ಥಳೀಯ ಸಂದರ್ಶನ, ಮಾನವೀಯ ಮೌಲ್ಯಗಳ ಚರ್ಚೆ, ಭಾಷಾ ಅಭ್ಯಾಸ ಇವೆಲ್ಲ ಅದರಲ್ಲಿದ್ದವು. ಕಾಲೇಜುಗಳು ಇದನ್ನು ನಡೆಸಿದ ಬಗೆ ಒಂದೇ ರೀತಿಯದಲ್ಲ. ಹಲವೆಡೆ ಮೂರು ವಾರ ಒಂದು ವಾರಕ್ಕಿಳಿಯಿತು, ಅತಿಥಿಗಳ ಭಾಷಣಮಾಲೆಯಾಗಿ ಪರಿಣಮಿಸಿತು. ನೆರವು ಕಡ್ಡಾಯವಾದಾಗ ಅದು ಮತ್ತೆ ಸಂಕಿರಣದ ರೂಪಕ್ಕೇ ಮರಳುವುದು ಸಹಜವಿರಬಹುದು. ಸಂಕಿರಣಕ್ಕೆ ಛಾಯಾಚಿತ್ರವಿರುತ್ತದೆ, ಹಾಜರಾತಿ ಸಹಿ ಇರುತ್ತದೆ. ತಪಾಸಣೆಗೆ ಬಂದ ಸಮಿತಿಗೆ ಅವೇ ಬೇಕು.

ಕನ್ನಡದ ಪ್ರಶ್ನೆ ಮಾತ್ರ ಬೇರೆ ದಾರಿ ಹಿಡಿಯಿತು. ವಿಟಿಯು 2018ರ ಪಠ್ಯಕ್ರಮದಲ್ಲಿ ಕನ್ನಡ ಬಲ್ಲವರಿಗೆ 'ಆಡಳಿತ ಕನ್ನಡ', ಬಾರದವರಿಗೆ 'ವ್ಯಾವಹಾರಿಕ ಕನ್ನಡ' ಎಂಬ ಪತ್ರಿಕೆಗಳನ್ನಿಟ್ಟಿತು. ಹೊರರಾಜ್ಯದ ವಿದ್ಯಾರ್ಥಿ ಅಂಗಡಿಯಲ್ಲಿ ಮಾತನಾಡಲು ಕಲಿಯುವುದು ಸ್ವಾಗತಾರ್ಹ. ಆದರೆ ಕನ್ನಡ ಮಾಧ್ಯಮದಿಂದ ಬಂದವನಿಗೆ ಥರ್ಮೊಡೈನಮಿಕ್ಸ್ ಅರ್ಥವಾಗಲು ಆಡಳಿತ ಕನ್ನಡ ನೆರವಾಗದು. 2021ರಲ್ಲಿ ಪರಿಷತ್ತು ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಬೋಧನೆಗೆ ಅವಕಾಶ ಕೊಟ್ಟು, ಕರ್ನಾಟಕದ ಕೆಲವು ಕಾಲೇಜುಗಳು ಕನ್ನಡ ಮಾಧ್ಯಮದ ಸೀಟುಗಳಿಗೆ ಮುಂದೆ ಬಂದಾಗ, ಅವನ್ನು ಆಯ್ದುಕೊಂಡವರು ಅತ್ಯಲ್ಪ. ಇದನ್ನು ಕನ್ನಡದ ಬಗೆಗಿನ ನಿರ್ಲಕ್ಷ್ಯವೆಂದು ಬಗೆದವರಿದ್ದಾರೆ. ಆ ತೀರ್ಮಾನ ಆತುರದ್ದು. ಹಳ್ಳಿಯ ಕುಟುಂಬ ಎಂಜಿನಿಯರಿಂಗ್ ಸೀಟಿಗೆ ಸಾಲ ಮಾಡುವುದು ನೌಕರಿಯ ಆಸೆಯಿಂದ. ನೌಕರಿಯ ಭಾಷೆ ಯಾವುದೆಂಬುದು ಅದಕ್ಕೆ ಗೊತ್ತಿದೆ. ಅದು ಬೇಡಿದ್ದು ಪೂರ್ತಿ ಕನ್ನಡದ ಪದವಿಯನ್ನಲ್ಲ, ಕನ್ನಡದಿಂದ ಇಂಗ್ಲಿಷಿಗೆ ದಾಟುವ ಸೇತುವೆಯನ್ನು. ಸೇತುವೆ ಕಟ್ಟುವುದನ್ನು ಕಲಿಸುವ ಶಿಕ್ಷಣ ಈ ಒಂದು ಸೇತುವೆಯನ್ನು ಅಧ್ಯಾಪಕರ ವೈಯಕ್ತಿಕ ಔದಾರ್ಯಕ್ಕೆ ಬಿಟ್ಟುಕೊಟ್ಟಿತು.

2015ರಲ್ಲಿ ಐಐಐಟಿ, 2016ರಲ್ಲಿ ಐಐಟಿ ಧಾರವಾಡದ ಹೆಸರಿನಲ್ಲಿ ಆರಂಭವಾದುವು. ಮೊದಲನೆಯದು ಹುಬ್ಬಳ್ಳಿಯ ಐಟಿ ಪಾರ್ಕಿನಲ್ಲಿಯೂ ಎರಡನೆಯದು ಧಾರವಾಡದ ವಾಲ್ಮಿ ಆವರಣದಲ್ಲಿಯೂ ತಾತ್ಕಾಲಿಕವಾಗಿ ನೆಲೆಸಿದ್ದವು. ಐಐಟಿಯ ಸ್ವಂತ ಆವರಣ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಅಖಿಲ ಭಾರತ ಪರೀಕ್ಷೆಯ ಮೂಲಕ ಎಲ್ಲ ರಾಜ್ಯಗಳಿಂದ ವಿದ್ಯಾರ್ಥಿಗಳು ಬರುವ ಈ ಸಂಸ್ಥೆಗಳ ಭಾಷಾ ಸಂಯೋಜನೆಯೇ ಬೇರೆ. ಅವುಗಳ ಚರಿತ್ರೆ ಇನ್ನೂ ಎಳೆಯದು. ಅವಳಿನಗರದ ಮಟ್ಟಿಗೆ ಹಳ್ಳಿಯ ವಿದ್ಯಾರ್ಥಿಯ ಭಾರವನ್ನು ಹೊತ್ತುದು ಸಿಇಟಿ ಮೂಲಕ ತುಂಬುವ ಹಳೆಯ ಕಾಲೇಜುಗಳೇ.

ಈ ಚರಿತ್ರೆಯನ್ನು ಮುಂದೆ ವಿಸ್ತರಿಸುವ ಸಂಶೋಧಕರಿಗೆ ಆಕರಗಳು ಇಲ್ಲದಿಲ್ಲ. ಪ್ರಸಾದ ನಿಲಯಗಳ ಮತ್ತು ಸರಕಾರಿ ವಸತಿ ನಿಲಯಗಳ ಹಾಜರಿ ಪುಸ್ತಕ, ಶಿಷ್ಯವೇತನದ ವಹಿ, ಪ್ರಾಕ್ಟರುಗಳ ಟಿಪ್ಪಣಿ, ಮರುಪರೀಕ್ಷೆಯ ಪಟ್ಟಿ ಇವೆಲ್ಲ ಒಂದೊಂದು ಕಡೆ ತಯಾರಾಗುವ ಕಾಗದಗಳು. ಸಂಕಿರಣದ ಸಂಪುಟದಂತೆ ಕಾಪಿಡುವ ವಸ್ತುಗಳೆಂದು ಅವನ್ನು ಯಾರೂ ಎಣಿಸುವುದಿಲ್ಲ, ಅವಧಿ ಮೀರಿದೊಡನೆ ರದ್ದಿಗೆ ಹೋಗುತ್ತವೆ. ಇವುಗಳಲ್ಲಿ ಒಂದಕ್ಕೆ ವಿಶೇಷ ಬೆಲೆಯಿದೆ. ಕನ್ನಡ ಮಾಧ್ಯಮ ಮೀಸಲಾತಿಯನ್ನು ಕೋರುವ ಅಭ್ಯರ್ಥಿ ತಾನು ಹತ್ತು ವರ್ಷ ಕನ್ನಡದಲ್ಲಿ ಓದಿದ್ದಕ್ಕೆ ಶಾಲೆಗಳಿಂದ ವ್ಯಾಸಂಗ ಪ್ರಮಾಣಪತ್ರ ತಂದು, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಪಡೆಯಬೇಕು. ಯಾವ ವಿದ್ಯಾರ್ಥಿ ಯಾವ ಭಾಷೆಯಿಂದ ಎಂಜಿನಿಯರಿಂಗಿಗೆ ಬಂದನೆಂಬುದಕ್ಕೆ ಇದಕ್ಕಿಂತ ಖಚಿತವಾದ ದಾಖಲೆ ಇನ್ನೊಂದಿಲ್ಲ. ದಾಖಲೆ ಪರಿಶೀಲನೆಯ ದಿನ ಅಧಿಕಾರಿಗಳು ಅದನ್ನು ನೋಡಿ, ಸರಿಯೆಂದು ಗುರುತು ಹಾಕಿ, ಕಡತಕ್ಕೆ ಸೇರಿಸುತ್ತಾರೆ. ಕಾಲೇಜಿನಲ್ಲಿ ಪಾಠ ಹೇಳುವವರ ಕೈಗೆ ಅದು ತಲುಪುವುದು ಪ್ರವೇಶ ಪ್ರಕ್ರಿಯೆಯ ಭಾಗವಲ್ಲ.